ಪ್ಲಗ್ಗಕ್ಕನ ಮುಂದಾಲೋಚನೆ

ಪ್ಲಗ್ ಕೀಳುವುದರಲ್ಲಿ ಅಕ್ಕನನ್ನು ಮೀರಿಸುವವರು ಮೂರು ಲೋಕದಲ್ಲೂ ಇರಲಿಲ್ಲ. ಫ್ಯಾನು ಇನ್ನೂ ತಿರುಗುತ್ತಿರುವಾಗಲೇ ಅವಳ ಕೈ ಗೋಡೆಯತ್ತ ದಂಡೆತ್ತಿ ಹೊರಟಿರುತ್ತಿತ್ತು. ಅವಳು ಹಾದುಹೋದರೆ ಬೀದಿದೀಪಗಳೂ ಒಮ್ಮೆ ಹೆದರಿ ಮಿಟುಕುತ್ತವೆ ಎಂದು ಎದುರಂಗಡಿಯ ದರ್ಜಿ ಆಣೆ ಮಾಡಿ ಹೇಳುತ್ತಿದ್ದ. ಬೀದಿಯವರು ಇಟ್ಟ ಹೆಸರು ಪ್ಲಗ್ಗಕ್ಕ.

ಅಕ್ಕ, ತಮ್ಮ ಇಬ್ಬರೂ ಐವತ್ತು ದಾಟಿದವರು. ಸೇರಿ ನಡೆಸುತ್ತಿದ್ದದ್ದು ಒಂದೇ ಕೋಣೆಯ ಅಂಗಡಿ. ಜನ ಹಳೆಯ ಕ್ಯಾಸೆಟ್ ತರುತ್ತಿದ್ದರು. ಇವರು ಅದರೊಳಗಿನ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಿದ್ದರು. ಕಿಟಕಿಯ ನೀಲಿ ಪರದೆಯಿಂದ ಸೋಸಿ ಬಂದ ಬೆಳಕಿನಲ್ಲಿ ಕ್ಯಾಸೆಟ್ಟಿನ ಸುರುಳಿಗಳು ಮೆಲ್ಲಗೆ ತಿರುಗುವಾಗ, ಎಂದೋ ತೀರಿಹೋದವರು ನಗುತ್ತಿದ್ದರು, ಕೆಮ್ಮುತ್ತಿದ್ದರು, ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು. ತಮ್ಮನಿಗೆ ನೀರಿನಡಿ ಕುಳಿತಂತೆ ಇರುತ್ತಿತ್ತು.

ಸಂಜೆ ನಾಲ್ಕಕ್ಕೆ ಮಾತ್ರ ಕನಸು ಒಡೆಯುತ್ತಿತ್ತು. ಅಕ್ಕ ಆ ದಿನದ ದನಿಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಅದರ ತಂತಿಗಳನ್ನು ಕಂಪ್ಯೂಟರಿನಿಂದಲೂ ಗೋಡೆಯಿಂದಲೂ ಸರ್ರನೆ ಕಿತ್ತು, ಡಿಸ್ಕನ್ನು ಉಣ್ಣೆಯ ಟೋಪಿಯಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಿದ್ದಳು.

"ಮಗು ಮಲಗ್ತಾ?" ತಮ್ಮ ರೇಗಿಸುತ್ತಿದ್ದ. "ಅಲ್ಲೇ ಇರ್ಲಿ ಬಿಡಕ್ಕ, ಯಾರು ಕದೀತಾರೆ?"

"ನಿನ್ ಕೆಲಸ ನೋಡ್ಕೊಳೋ."

ಒಂದು ದಿನ ದರ್ಜಿ, ತೀರಿಹೋದ ಹೆಂಡತಿಯ ದನಿಯಿದ್ದ ಒಂದೇ ಒಂದು ಕ್ಯಾಸೆಟ್ ತಂದುಕೊಟ್ಟ. ಅದು ಒಮ್ಮೆ ಮಾತಾಡಿತು. ಮತ್ತೆ ಸುತ್ತುವಾಗ ಒಣಗಿದ ಎಲೆಯಂತೆ ಪುಡಿಯಾಯಿತು. ಇನ್ನು ಅವಳು ಉಳಿದದ್ದು ಕಂಪ್ಯೂಟರಿನಲ್ಲಿ ಮಾತ್ರ. ಮರುದಿನ ಐದಕ್ಕೆ ಬರುತ್ತೇನೆಂದು ದರ್ಜಿ ಹೋದ.

ಮರುದಿನ ಮಧ್ಯಾಹ್ನ ತಮ್ಮನಿಗೊಂದು ಇಮೇಲ್ ಬಂತು: ನಿಮ್ಮ ಪಾರ್ಸಲ್ ಕಾಯುತ್ತಿದೆ, ವಿವರಕ್ಕೆ ಇಲ್ಲಿ ಒತ್ತಿ. ಅವನು ಯಾವ ಪಾರ್ಸಲ್ಲನ್ನೂ ತರಿಸಿರಲಿಲ್ಲ. ಆದರೂ ಎಲ್ಲೋ ಏನೋ ತನಗಾಗಿ ಕಾಯುತ್ತಿದೆ ಎಂಬುದೇ ಹಿತವಾಗಿತ್ತು. ಒತ್ತಿದ.

ಹಾಗೆ ಕಂಪ್ಯೂಟರಿನ ಒಳಬಂದ ಕಳ್ಳ ಏನನ್ನೂ ಹೊತ್ತೊಯ್ಯಲಿಲ್ಲ. ಫೈಲಿನಿಂದ ಫೈಲಿಗೆ ಬೆಕ್ಕಿನ ಹೆಜ್ಜೆಯಲ್ಲಿ ನಡೆದು, ಒಂದೊಂದರ ಒಳಗನ್ನೂ ಕಲಸಿ ಅರ್ಥವಿಲ್ಲದ್ದಾಗಿಸಿ, ಬೀಗ ಜಡಿದ. ಕೀಲಿ ಎಲ್ಲೋ ದೂರದಲ್ಲಿ, ಅವನನ್ನು ಕಳಿಸಿದವರ ಜೇಬಿನಲ್ಲಿ. ಫೈಲಿನ ಹೆಸರುಗಳಿಗೆಲ್ಲ ವಿಚಿತ್ರ ಬಾಲ ಮೂಡಿತು. ಕೊನೆಗೆ ತೆರೆಯ ತುಂಬ ಕೆಂಪು ಅಕ್ಷರ: ಮೂರು ದಿನದೊಳಗೆ ಹಣ ಕೊಡಿ, ಕೀಲಿ ಪಡೆಯಿರಿ.

ತಮ್ಮ ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿದ. ಅಷ್ಟರಲ್ಲಿ ಅಕ್ಕ ರಣಕಹಳೆ ಮೊಳಗಿದವಳಂತೆ ಗೋಡೆಯತ್ತ ನುಗ್ಗಿದಳು: "ಕಿತ್ತೇ ಬಿಡ್ತೀನಿ!"

"ಕರೆಂಟ್ ಬೇಡಮ್ಮಾ!" ಫೋನು ಅರಚಿತು. "ಮೊದ್ಲು ಇಂಟರ್ನೆಟ್ ವೈರ್ ಕೀಳಿ!"

ಕಿತ್ತಳು. ಆದರೆ ಕಣ್ಣೆದುರಿನ ಪ್ಲಗ್ಗೊಂದನ್ನು ಜೀವಮಾನದಲ್ಲೇ ಮೊದಲ ಬಾರಿಗೆ ಬಿಟ್ಟುಕೊಟ್ಟ ಆ ಕೈ ಅನಾಥವಾಗಿ ಗಾಳಿಯಲ್ಲೇ ನಿಂತಿತ್ತು.

"ಅಕ್ಕನ ಡಿಸ್ಕ್ ಇದೆ! ಈಗ್ಲೇ ಇದಕ್ಕೆ ಚುಚ್ತೀನಿ," ಎಂದ ತಮ್ಮ.

"ಚುಚ್ಚಿದ್ರೆ ಅದಕ್ಕೂ ಬೀಗ ಬೀಳತ್ತೆ. ಮುಟ್ಬೇಡಿ!"

"ಮತ್ತೆ ದುಡ್ಡು ಕೊಟ್ಬಿಡ್ಲಾ?"

"ಕೊಟ್ರೂ ಕೀಲಿ ಕೊಡ್ತಾರೆ ಅಂತ ಏನ್ ಗ್ಯಾರಂಟಿ? ಕೊಡೋ ಗಿರಾಕಿ ಅಂತ ಗೊತ್ತಾದ್ರೆ ಮತ್ತೆ ಬರ್ತಾರೆ. ಆ ಬೆದರಿಕೆ ಫೋಟೋ ತೆಗೀರಿ, ಏನೂ ಅಳಿಸ್ಬೇಡಿ, ಪೊಲೀಸ್‌ಗೆ ದೂರು ಕೊಡಿ. ಬಂದೆ."

ರಿಪೇರಿಯವನು ತನ್ನ ಶುದ್ಧ ಕಂಪ್ಯೂಟರ್ ಹೊತ್ತು ಬಂದ. ಸೋಂಕು ತಗುಲಿದ್ದನ್ನು ದೂರು ದಾಖಲಾದ ಮೇಲೆ ಪೂರ್ತಿ ಒರೆಸಿ ಹೊಸದಾಗಿ ಕಟ್ಟಬೇಕು, ಪಾಸ್‌ವರ್ಡುಗಳನ್ನೆಲ್ಲ ಬೇರೆ ಯಂತ್ರದಿಂದ ಬದಲಿಸಬೇಕು ಎಂದು ಹೇಳುತ್ತಲೇ ಟೋಪಿ ಬಿಚ್ಚಿ ಡಿಸ್ಕ್ ಜೋಡಿಸಿದ. ಮೊದಲು ಇನ್ನೊಂದು ನಕಲು ತೆಗೆದ. ಅಷ್ಟು ಹೊತ್ತಿಗೆ ದರ್ಜಿ ಬಾಗಿಲಲ್ಲಿದ್ದ.

ನೀಲಿ ಬೆಳಕಿನಲ್ಲಿ ದನಿ ಎದ್ದಿತು: "ತೋಳು ಹದಿನಾರೂವರೆ... ಕುತ್ತಿಗೆ ಹದಿನೈದು... ಬರ್ಕೊಂಡ್ರಾ? ಅಯ್ಯೋ, ಕೂತಲ್ಲೇ ನಿದ್ದೆನಾ!"

"ಬರ್ಕೊಂಡೆ ಕಣೇ," ಎಂದ ದರ್ಜಿ ಮೆಲ್ಲಗೆ.

ಆಮೇಲೆ ರಿಪೇರಿಯವನು ಅಕ್ಕನಿಗೆ ಕೈಮುಗಿದ. "ದಿನಾ ನಕಲು ಮಾಡಿ, ತಂತಿ ಕಿತ್ತು ಬೇರೆ ಇಡೋರು ನೂರಕ್ಕೊಬ್ರು. ಇಷ್ಟು ಮುಂದಾಲೋಚನೆ ಎಲ್ಲಿಂದ ಬಂತಮ್ಮಾ ನಿಮಗೆ?"

ಅಕ್ಕ ಆಗಲೇ ಕೆಟಲ್ ಹಿಡಿದು ನಿಂತಿದ್ದಳು.

"ಡಿಸ್ಕಿಗೂ ಕೆಟಲ್ಲಿಗೂ ಇರೋದು ಒಂದೇ ಪ್ಲಗ್ ಪಾಯಿಂಟು ಕಣಪ್ಪಾ. ಡಿಸ್ಕಿಂದು ಕೀಳದೆ ಟೀ ಕಾಯಿಸೋದು ಹೇಗೆ?"