ಸಾವಿನ ಮನೆಯಲ್ಲಿ ಟೀ ಪೊಟ್ಟಣ

ಕೊರೋನಾ ಮುಗಿದು ಚಿತ್ರಮಂದಿರಗಳು ಮತ್ತೆ ತೆರೆದ ಮರುವರ್ಷ ನಾನು ಸಣ್ಣ ಬಜೆಟ್ಟಿನ ಒಂದು ಕೌಟುಂಬಿಕ ಚಿತ್ರಕ್ಕೆ ಕಲಾ ನಿರ್ದೇಶಕನಾಗಿದ್ದೆ. ತೆರೆಯ ಮೇಲೆ ಕಾಣುವ ಮನೆ, ಮಂಚ, ಪಾತ್ರೆ, ಗೋಡೆಯ ಕ್ಯಾಲೆಂಡರ್ ಎಲ್ಲವೂ ಕಲಾ ವಿಭಾಗದ ಹೊಣೆ. ಕಥೆ ನಡೆಯುವುದು ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಯೊಂದರಲ್ಲಿ. ನಾನು ಹುಟ್ಟಿದ್ದೂ ಅಂಥದ್ದೇ ಮನೆಯಲ್ಲಿ. ಅದಕ್ಕಾಗಿಯೇ ನನ್ನನ್ನು ಕರೆದಿದ್ದರು.

ಚಿತ್ರಕ್ಕೆ ಒಂದು ಟೀ ಪುಡಿ ಕಂಪನಿ ಹಣ ಹಾಕಿತ್ತು. ಜಾಹೀರಾತನ್ನು ಬೇರೆಯಾಗಿ ತೋರಿಸದೆ ಕಥೆಯೊಳಗೇ ವಸ್ತುವನ್ನು ಇಡುವುದಕ್ಕೆ ಪ್ರಾಡಕ್ಟ್ ಪ್ಲೇಸ್‌ಮೆಂಟ್ ಎನ್ನುತ್ತಾರೆ. ಒಂದೆರಡು ಕಡೆ ಇದ್ದರೆ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಎಂಟು ದೃಶ್ಯಗಳಲ್ಲಿ ಪೊಟ್ಟಣ ಕಾಣಲೇಬೇಕಿತ್ತು. ಹೆಣ್ಣು ನೋಡುವ ದಿನ, ಅಣ್ಣತಮ್ಮಂದಿರ ಜಗಳ, ಮುದುಕನ ಔಷಧಿ ಡಬ್ಬಿಯ ಪಕ್ಕ, ಎಲ್ಲೆಲ್ಲೂ ಅದೇ ಹಸಿರು ಪೊಟ್ಟಣ. ಅದರ ಹೆಸರು ಕ್ಯಾಮೆರಾ ಕಡೆ ತಿರುಗಿದೆಯೇ ಎಂದು ನೋಡುವುದೇ ನನ್ನ ದಿನದ ಕೆಲಸವಾಗಿಬಿಟ್ಟಿತ್ತು.

ಹದಿನೇಳನೆಯ ದಿನ ತಂದೆ ತೀರಿಕೊಳ್ಳುವ ದೃಶ್ಯ. ನಮ್ಮ ಕಡೆ ಹೆಣ ಎತ್ತುವವರೆಗೆ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಕಾಫಿ ಮಾಡಿ ತರುತ್ತಾರೆ. ಚಿತ್ರಕಥೆಯಲ್ಲೂ ಹಾಗೇ ಇತ್ತು. ಆದರೆ ನೆರೆಮನೆಯವಳ ಪಾತ್ರಕ್ಕೆ ಬರಬೇಕಿದ್ದ ಕಲಾವಿದೆ ಬರಲಿಲ್ಲ. ನನ್ನ ಹೆಂಡತಿ ಮಂಜುಳಾ ಶೂಟಿಂಗ್ ನೋಡಲೆಂದು ಅಂದು ಬಂಗಾರಪೇಟೆಯಿಂದ ರೈಲಿನಲ್ಲಿ ಬಂದಿದ್ದಳು. ನಿರ್ದೇಶಕರು ಅವಳನ್ನೇ ಕೇಳಿದರು.

"ಅಯ್ಯೋ, ನಂಗ್ ಆಕ್ಟಿಂಗ್ ಎಲ್ಲಿ ಬತ್ತದೆ ಸಾರ್? ಕಾಫಿ ಕೊಡಾಕ್ ಬತ್ತದೆ, ಅಷ್ಟೆ" ಎಂದಳು.

"ಅಷ್ಟೇ ಸಾಕಮ್ಮ."

ಒಂದೇ ಟೇಕ್. ಅವಳು ಸ್ಟೀಲ್ ಕ್ಯಾನು ಹಿಡಿದು ಒಳಗೆ ಬಂದು, ಮಗಳ ಪಾತ್ರದ ನಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಯಾರೂ ಬರೆದುಕೊಡದ ಮಾತೊಂದನ್ನು ಆಡಿದಳು: "ಒಂದ್ ಗುಟುಕು ಕುಡಿ ತಾಯಿ. ಅಳಾಕೂ ಸಕ್ತಿ ಬೇಕು."

ಆಮೇಲೆ ಕಂಪನಿಯ ಪ್ರತಿನಿಧಿ ಪಟ್ಟಿ ಹಿಡಿದು ಬಂದರು. ಎಂಟು ದೃಶ್ಯಗಳಲ್ಲಿ ಇದೂ ಒಂದು, ಪೊಟ್ಟಣ ಎಲ್ಲಿ? ಮಗಳೇ ಎದ್ದು ಬಂದವರಿಗೆಲ್ಲ ಟೀ ಮಾಡಲಿ, ಕಾಫಿ ತರುವ ಹೆಂಗಸು ಬೇಡ ಎಂದರು.

ನಿರ್ದೇಶಕರು ನನ್ನನ್ನು ಬದಿಗೆ ಕರೆದರು. "ನೀವು ಈ ಊರಿನವರು. ಇದು ತಪ್ಪು ಅಂತ ಒಂದು ಮಾತು ಹೇಳಿ, ಅವರ ಹತ್ತಿರ ನಾನು ಜಗಳ ಆಡ್ತೀನಿ."

ಅದೇ ನಿರ್ಮಾಪಕರ ಮುಂದಿನ ಚಿತ್ರವೂ ನನಗೆ ಬೇಕಿತ್ತು. "ನಡೆಯುತ್ತೆ ಸಾರ್, ಯಾರು ಗಮನಿಸ್ತಾರೆ" ಎಂದೆ.

ಮಗಳು ಒಲೆ ಹಚ್ಚಿದಳು. ಮಂಜುಳಾ ಮೆಟ್ಟಿಲ ಮೇಲೆ ಕೂತು ತನ್ನ ಕ್ಯಾನಿನ ಕಾಫಿಯನ್ನು ಲೈಟಿನವರಿಗೆ ಬಗ್ಗಿಸಿಕೊಟ್ಟಳು. "ನೋಡ್ರಿ, ನಾನು ಹೀರೋಯಿನ್ ಆಗಿದ್ದು ಅರ್ಧ ಗಂಟೆ" ಎಂದು ನಕ್ಕಳು. ವಾಪಸು ಹೋಗುವಾಗ ರೈಲಿನಲ್ಲಿ ಒಂದೇ ಒಂದು ಸಲ ಕೇಳಿದಳು: "ನಿಮಗೆ ಗೊತ್ತಿತ್ತಲ್ಲ, ತಪ್ಪು ಅಂತ ಯಾಕ್ ಏಳ್ನಿಲ್ಲ?" ನಾನು ಕಿಟಕಿಯ ಕಡೆ ತಿರುಗಿದೆ.

ಚಿತ್ರ ಬಿಡುಗಡೆಯಾಗುವ ಮೊದಲೇ ಅವಳು ಹೋದಳು. ಎದೆನೋವು ಎಂದಳು, ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ನಮಗೆ ಮಕ್ಕಳಿಲ್ಲ. ಅಂದು ಮೂರು ಮನೆಗಳಿಂದ ಕಾಫಿ ಬಂತು. ಯಾರು ತಂದರು, ಏನು ಹೇಳಿದರು, ಒಂದೂ ನೆನಪಿಲ್ಲ.

ಬಂಗಾರಪೇಟೆಯ ಚಿತ್ರಮಂದಿರದಲ್ಲಿ ಮೊದಲ ವಾರವೇ ಒಬ್ಬನೇ ಹೋಗಿ ನೋಡಿದೆ. ಮಗಳು ಎದ್ದು ಒಲೆಯ ಕಡೆ ನಡೆದಾಗ ಮುಂದಿನ ಸಾಲಿನ ಹೆಂಗಸೊಬ್ಬಳು ಜೋರಾಗಿ ಹೇಳಿದಳು: "ಎಣ ಇನ್ನಾ ಎತ್ತೇ ಇಲ್ಲ, ಒಲೆ ಅಂಟಿಸ್ಬಿಟ್ಲಲ್ಲೇ!"

ಅವಳ ಜೊತೆಯವಳು, "ಟೀ ಪುಡಿ ಮಾರಾಕೇ ಅವ್ರಪ್ಪನ್ನ ಸಾಯ್ಸವ್ರೆ, ಸುಮ್ಕೆ ನೋಡೇ" ಎಂದಳು.

ಚಿತ್ರಮಂದಿರವೆಲ್ಲ ನಕ್ಕಿತು. ಪೊಟ್ಟಣ ದೊಡ್ಡದಾಗಿ ಕಂಡಾಗ ಶಿಳ್ಳೆಯೂ ಬಿತ್ತು. ಇಡೀ ಚಿತ್ರದಲ್ಲಿ ಜನ ಅಳಬೇಕಿದ್ದ ಜಾಗ ಅದೊಂದೇ. ನನ್ನ ಪಕ್ಕದ ಕುರ್ಚಿ ಖಾಲಿಯಿತ್ತು.

ಮರುದಿನ ಸಂಕಲನಕಾರರಿಗೆ ಫೋನ್ ಮಾಡಿ, ಬಳಸದೆ ಬಿಟ್ಟ ಆ ಟೇಕ್ ಉಳಿದಿದೆಯೇ ಎಂದು ಕೇಳಿದೆ. ಮಂಜುಳಾಗೆ ಫೋಟೊ, ವಿಡಿಯೋ ಎಂದರೆ ಆಗುತ್ತಿರಲಿಲ್ಲ. ಯಾರು ಮೊಬೈಲ್ ಎತ್ತಿದರೂ ಸೆರಗು ಅಡ್ಡ ಹಿಡಿಯುತ್ತಿದ್ದಳು. ಕ್ಯಾಮೆರಾಗೆ ಮುಖ ಕೊಟ್ಟದ್ದು ಅದೊಂದೇ ಸಲ. ನಾಲ್ಕು ದಿನ ಹುಡುಕಿ ಅವರು ಕಳಿಸಿದರು. ನಲವತ್ತೊಂದು ಸೆಕೆಂಡು.

ಅವಳು ಬರುತ್ತಾಳೆ, ಕೂರುತ್ತಾಳೆ, ಮಾತು ಹೇಳುತ್ತಾಳೆ. "ಕಟ್" ಎಂಬ ಕೂಗು ಕೇಳಿಸುತ್ತದೆ. ಕ್ಯಾಮೆರಾ ಇನ್ನೂ ಓಡುತ್ತಿದೆ, ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಮಂಜುಳಾ ಕತ್ತೆತ್ತಿ, ಚೆನ್ನಾಗಿ ಬಂತಾ ಎಂದು ಕೇಳುವ ಮುಖ ಮಾಡಿಕೊಂಡು ನನ್ನನ್ನು ಹುಡುಕುತ್ತಾಳೆ. ಅವಳ ಹಿಂದೆ, ಅಡುಗೆಮನೆಯ ಬಾಗಿಲಿನಾಚೆ ನಾನಿದ್ದೇನೆ. ಬೆನ್ನು ಮಾತ್ರ ಕಾಣುತ್ತದೆ. ಮುಂದಿನ ದೃಶ್ಯಕ್ಕೆ ಪೊಟ್ಟಣದ ಹೆಸರು ಸರಿಯಾಗಿ ಕಾಣುವಂತೆ ತಿರುಗಿಸುತ್ತಿದ್ದೇನೆ. ಅವಳು ತಿರುಗಿ ನನ್ನ ಬೆನ್ನನ್ನು ನೋಡುತ್ತಾಳೆ, ಸ್ವಲ್ಪ ಕಾಯುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ಒಂದು ಜಾಗದಲ್ಲಿ ಏನನ್ನು ಇಡಬಾರದು ಎಂದು ಕೇಳಿದಾಗ ಹೇಳುವುದೂ ಕಲಾ ವಿಭಾಗದ ಕೆಲಸವೇ. ಇದನ್ನು ಕಲಿಯಲು ನನಗೆ ಇಷ್ಟೆಲ್ಲ ಆಗಬೇಕಾಯಿತು. ಈಗಲೂ ಕೆಲಸಕ್ಕೆ ಹೋಗುತ್ತೇನೆ. ಟೇಕ್ ಶುರುವಾದರೆ ಕೈಯಲ್ಲಿರುವುದನ್ನು ಕೆಳಗಿಟ್ಟು ನಟಿಸುವವರ ಕಡೆ ನೋಡಬೇಕು ಎಂದು ನನ್ನ ವಿಭಾಗದವರಿಗೆ ಹೇಳಿದ್ದೇನೆ. ಯಾಕೆ ಎಂದು ಕೇಳುತ್ತಾರೆ. ನೋಡಿ, ಅಷ್ಟೇ ಎನ್ನುತ್ತೇನೆ.