ನೆಲದಿಂದ ಮೂರಡಿ ಎತ್ತರದಲ್ಲಿ

ಹೆಲಿಕಾಪ್ಟರ್ ಹಾರಿಹೋಗುವ ಮೊದಲು ಸ್ವಲ್ಪ ಹೊತ್ತು ನೆಲದಿಂದ ಮೂರಡಿ ಎತ್ತರದಲ್ಲಿ ನಿಂತಿರುತ್ತದೆ. ಹೊತ್ತ ಭಾರವನ್ನು ಎಂಜಿನ್ ತಾಳುತ್ತದೋ ಇಲ್ಲವೋ ಎಂದು ಪೈಲಟ್ ನೋಡಿಕೊಳ್ಳುವುದು ಆಗಲೇ. ತಾಳದಿದ್ದರೆ ಮತ್ತೆ ಇಳಿಸಬಹುದು, ಒಬ್ಬರನ್ನು ಕೆಳಗೆ ಬಿಟ್ಟು ಹೋಗಬಹುದು. ಇದೆಲ್ಲ ನಾನು ಆಮೇಲೆ ಓದಿ ತಿಳಿದುಕೊಂಡದ್ದು. ಆ ದಿನ ನಾನು ಪೈಲಟ್ ಪಕ್ಕದ ಸೀಟಿನಲ್ಲಿ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದೆ. ಆ ಮೂರಡಿ ಎತ್ತರದಲ್ಲಿ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ನಾನು ಉತ್ತರ ಕೊಟ್ಟೆ.

ಹೋದ ವರ್ಷದ ಬೇಸಿಗೆಯಲ್ಲಿ ಹಿಮಾಲಯದ ಎತ್ತರದ ಒಂದು ಗುಡಿಗೆ ಹೊರಟವರು ನಾವು ಐದು ಜನ. ಅವ್ವನ ತಂಗಿ, ಅಂದರೆ ನನ್ನ ಮೌಶಿ, ಆಕೆಯ ಗಂಡ, ಅವರನ್ನು ನಾವು ಕಾಕಾ ಎನ್ನುತ್ತೇವೆ, ಮೌಶಿಯ ಜೊತೆ ಭಜನೆಗೆ ಕೂಡುವ, ಸುಳ್ಳ ಎಂಬ ಊರಿನ ಒಂದೇ ಮನೆಯ ಅಣ್ಣತಮ್ಮಂದಿರ ಹೆಂಡಂದಿರಾದ ಇಬ್ಬರು ನೆಗೆಣ್ಣಿಯರು, ಮತ್ತು ನಾನು. ಹಿಂದಿ, ಇಂಗ್ಲಿಷ್ ಬರುತ್ತದೆಂದು ಕಾಗದಪತ್ರದ ಕೆಲಸವೆಲ್ಲ ನನ್ನ ಪಾಲಿಗೆ ಬಂದಿತ್ತು. ನಾನು ಬಿ.ಎಸ್ಸಿ. ಓದಿ ಲಕಮನಹಳ್ಳಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡುವವಳು. ಒಂದು ಪೆಟ್ಟಿಗೆ ಬೋಲ್ಟು ಬಂದರೂ ತೂಕಕ್ಕೆ ಹಾಕದೆ ಸಹಿ ಮಾಡುವವಳಲ್ಲ.

ನಮ್ಮ ಕಡೆ ಯಾರಾದರೂ ದೂರದ ದೇವರಿಗೆ ಹೊರಟರೆ ತಾವಷ್ಟೇ ಹೋಗುವುದಿಲ್ಲ. ಹುಬ್ಬಳ್ಳಿ ಬಳಿಯ ಗಬ್ಬೂರಿನಲ್ಲಿ ಮೌಶಿಯ ಓಣಿಯವರು, ಸುಳ್ಳದಲ್ಲಿ ನೆಗೆಣ್ಣಿಯರ ಓಣಿಯವರು ತಮ್ಮ ತಮ್ಮ ಮನೆಯ ಹೆಸರಿನಲ್ಲಿ ಒಂದೊಂದು ತೆಂಗಿನಕಾಯಿ ತಂದುಕೊಟ್ಟಿದ್ದರು. ಹಾಗೆ ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ದಾರಿಯಲ್ಲಿ ಬಿಡುವಂತಿಲ್ಲ. ಅಲ್ಲೇ ಬೇರೆ ಕಾಯಿ ಕೊಂಡು ಒಡೆಸಿದರೂ ನಡೆಯದು. ರೈಲಿನಲ್ಲಿ ಎರಡು ದಿನ, ಬಸ್ಸಿನಲ್ಲಿ ಒಂದು ದಿನ ಆ ಚೀಲಗಳನ್ನು ಕಾಲ ನಡುವೆ ಇಟ್ಟುಕೊಂಡು ಬೆಟ್ಟದ ಬುಡದ ಹೆಲಿಪ್ಯಾಡಿನವರೆಗೆ ತಂದಿದ್ದೆವು.

ಅಲ್ಲಿ ಎಲ್ಲರನ್ನೂ ತೂಗಿಯೇ ಹತ್ತಿಸುವುದು ರೂಢಿ. ಅವತ್ತು ಬೆಳಿಗ್ಗೆಯಿಂದ ಕರೆಂಟಿರಲಿಲ್ಲ, ತೂಕದ ಯಂತ್ರ ಸುಮ್ಮನೆ ಬಿದ್ದಿತ್ತು. ಮೋಡ ಇಳಿಯುತ್ತಿತ್ತು. ಕೌಂಟರಿನವನು ಅವಸರದಲ್ಲಿ ಒಂದು ಫಾರಂ ಕೊಟ್ಟು, ಎಲ್ಲರ ತೂಕ ನೀವೇ ಬರೆಯಿರಿ, ಒಟ್ಟು ಹೆಚ್ಚಾದರೆ ಒಬ್ಬರು ಉಳಿಯಬೇಕು, ಮುಂದಿನ ಸರದಿ ಇವತ್ತು ಸಿಗುತ್ತದೆಂದು ಹೇಳಲಾರೆ ಎಂದ.

ನಾನು ಹಿರಿಯ ನೆಗೆಣ್ಣಿಯಿಂದ ಶುರುಮಾಡಿದೆ.

"ನನ್ನ ತೂಕಾ ದೇವರಿಗಷ್ಟ ಗೊತ್ತೈತಿ ನೋಡು ತಂಗಿ," ಎಂದರು.

ಅದು ನಿಜವೇ ಆಗಿತ್ತು. ಗಂಡನ ಆಪರೇಷನ್ ಸುಸೂತ್ರವಾದರೆ ಬೆಲ್ಲದಲ್ಲಿ ತುಲಾಭಾರ ಮಾಡಿಸುತ್ತೇನೆಂದು ಬೇಡಿಕೊಂಡಿದ್ದರಂತೆ. ಜೀವನದಲ್ಲಿ ತೂಕ ನೋಡಿಸಿಕೊಂಡದ್ದು ಅದೊಂದೇ ಸಲ. ಐದು ಪೆಂಟಿ ಬೆಲ್ಲ ಹಿಡಿದಿತ್ತು. ಒಂದು ಪೆಂಟಿಗೆ ಹತ್ತು ಕಿಲೋ.

"ಐದ ಪೆಂಟಿ ಇಟ್ರೂ ಅಕ್ಕ ಮ್ಯಾಲೆ ಏಳಲಿಲ್ರಿ," ಎಂದರು ಕಿರಿಯವರು. "ಪೂಜಾರಪ್ಪ ಕೈ ಹಚ್ಚಿ ಎತ್ತಿದ. ಇಲ್ಲಂದ್ರ ಇನ್ನೂ ಅಲ್ಲೇ ಕುಂತಿರತಿದ್ಲು."

ಎಲ್ಲರೂ ನಕ್ಕೆವು. ನಾನು ಐವತ್ತು ಎಂದು ಬರೆದೆ. ಆ ತುಲಾಭಾರ ಕಿರಿಯವರ ಮಗ ಹುಟ್ಟುವ ಮೊದಲಿನದು. ಆ ಮಗ ಈಗ ಕಾಲೇಜಿಗೆ ಹೋಗುತ್ತಾನೆ. ಕಿರಿಯವರು ತಮ್ಮದನ್ನು ಅಕ್ಕನಿಗಿಂತ ಎರಡು ಕಮ್ಮಿ ಬರೆ ಎಂದರು, ಬರೆದೆ. ಕಾಕಾ ಎಂದೋ ವಿಮೆ ಮಾಡಿಸಿದಾಗಿನ ತೂಕ ಹೇಳಿದರು. ಮೌಶಿ ಅರವತ್ತು ಎಂದಳು. ಆಕೆಯನ್ನು ನೋಡಿದರೇ ಅದು ಸುಳ್ಳೆಂದು ತಿಳಿಯುತ್ತಿತ್ತು. ನನ್ನ ತೂಕ ನನಗೆ ಗೊತ್ತಿತ್ತು. ಅದರಲ್ಲೂ ನಾಲ್ಕು ಕಿಲೋ ಇಳಿಸಿದೆ. ಚೀಲ ಎಂಬ ಕಡೆ ಇಲ್ಲ ಎಂದು ಬರೆದೆ. ಕಾಯಿಗಳನ್ನು ಅವರವರ ಉಡಿಯಲ್ಲಿ, ಶಾಲಿನ ಒಳಗೆ, ಕಾಕಾನ ಕೋಟಿನ ಕಿಸೆಯಲ್ಲಿ ಹಂಚಿಕೊಂಡೆವು. ಹೆಲಿಕಾಪ್ಟರಿಗೆ ನಡೆದುಹೋಗುವಾಗ ನಾಲ್ವರೂ ಬಸುರಿಯರ ಹಾಗೆ ಕಾಣುತ್ತಿದ್ದರು. ಅದಕ್ಕೂ ನಕ್ಕೆವು.

ಪೈಲಟ್‌ಗೆ ನಲವತ್ತರ ಆಸುಪಾಸು. ನೆಲ ಬಿಟ್ಟಮೇಲೆ ಮುಂದಿನ ಮೀಟರುಗಳ ಮುಳ್ಳುಗಳನ್ನು ನೋಡುತ್ತ ಹುಬ್ಬು ಗಂಟುಹಾಕಿದರು. ಆಮೇಲೆ ನನ್ನ ಕಿವಿಯಲ್ಲಿ ಅವರ ದನಿ ಬಂತು: ತೂಕ ಸರಿಯಾಗಿ ಬರೆದಿದ್ದೀರಲ್ಲ, ದೀದಿ? ನಾನು ಹಿಂದೆ ತಿರುಗಿ ನೋಡಿದೆ. ಹೆಡ್‌ಫೋನ್ ಇಲ್ಲದ್ದರಿಂದ ಹಿಂದಿನವರಿಗೆ ಏನೂ ಕೇಳಿಸಿರಲಿಲ್ಲ. ಮೌಶಿ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದಳು. ಪೂರಾ ಸರಿ ಇದೆ ಎಂದೆ. ಅವರು ತಲೆಯಾಡಿಸಿ ಮೇಲಕ್ಕೇರಿಸಿದರು.

ಮುಂದಿನದನ್ನು ಎಷ್ಟು ಸಲ ನೆನೆದರೂ ಅದೇ ಕ್ರಮದಲ್ಲಿ ಬರುತ್ತದೆ. ಎರಡು ಬೆಟ್ಟಗಳ ನಡುವೆ ತಿರುಗಿದಾಗ ಗಾಳಿ ಹಿಂದಿನಿಂದ ತಳ್ಳಿತು. ರೆಕ್ಕೆಯ ಸದ್ದು ಕುಗ್ಗಿತು, ಏರು ಹತ್ತಲಾರದ ಲಾರಿಯ ಹಾಗೆ. ಕೆಂಪು ದೀಪ ಹತ್ತಿತು, ಒಂದು ಹಾರ್ನ್ ಬಡಿದುಕೊಳ್ಳತೊಡಗಿತು. ಪೈಲಟ್ ನನ್ನ ಕಡೆ ಒಂದು ಸಲ ನೋಡಿದರು. ಬೈಯುವ ನೋಟವಲ್ಲ ಅದು, ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಹುಡುಕುವ ನೋಟ. ಕಲ್ಲಿನ ಗೋಡೆ ಎದುರಿಗಿತ್ತು. ಅವರು ಎಡಕ್ಕೆ ಹೊರಳಿಸಿ ಹುಲ್ಲಿನ ಇಳಿಜಾರಿನ ಮೇಲೆ ಕೂರಿಸಲು ನೋಡಿದರು. ಕೂತಿತು. ಆಮೇಲೆ ಬಾಲ ಬಂಡೆಗೆ ತಾಗಿ ನಾವು ಪಕ್ಕಕ್ಕೆ ಉರುಳಿದೆವು.

ಎಂಜಿನ್ ನಿಂತ ಮೇಲೆ ಅಲ್ಲಿದ್ದದ್ದು ಒಂದೇ ಸದ್ದು. ಒಡೆದ ಬಾಗಿಲಿನಿಂದ ತೆಂಗಿನಕಾಯಿಗಳು ಒಂದೊಂದಾಗಿ ಹೊರಬಿದ್ದು ಕಲ್ಲಿನ ಮೇಲೆ ಪುಟಿಯುತ್ತ ಕಣಿವೆಗೆ ಇಳಿದುಹೋಗುತ್ತಿದ್ದವು. ಒಂದರ ಸದ್ದು ಮುಗಿಯುವ ಹೊತ್ತಿಗೆ ಇನ್ನೊಂದು ಹೊರಡುತ್ತಿತ್ತು.

ಮೌಶಿಯ ಸೊಂಟದ ಎಲುಬು ಮುರಿದಿತ್ತು. ಪೈಲಟ್‌ಗೆ ಬೆನ್ನು ಎತ್ತಲಾಗುತ್ತಿರಲಿಲ್ಲ. ನಮಗೆ ಮೂವರಿಗೆ ಮೈತುಂಬ ಗಾಯ, ಕಿರಿಯ ನೆಗೆಣ್ಣಿಗೆ ತರಚು ಕೂಡ ಇಲ್ಲ. ಕುರಿ ಕಾಯುವ ಒಬ್ಬ ಮುದುಕ, ಅವನ ಮನೆಯವರು ಬಂದು ನಮ್ಮನ್ನು ಕಂಬಳಿಯಲ್ಲಿ ಹೊತ್ತು ತಮ್ಮ ಕುರಿದೊಡ್ಡಿಯ ಚಪ್ಪರದ ಕೆಳಗೆ ಮಲಗಿಸಿದರು. ಮಲಗಿ ಮೇಲೆ ನೋಡಿದೆ. ಚಪ್ಪರಕ್ಕೆ ಹೊದಿಸಿದ್ದು ಸಾಮಾನ್ಯ ತಗಡಲ್ಲ. ಬಾಗಿದ ಬಿಳಿ ಹಾಳೆ, ಅಂಚಿಗೆ ಒತ್ತೊತ್ತಾಗಿ ಸಣ್ಣ ರಿವೆಟ್ಟು, ನಡುವೆ ಅರ್ಧ ಅಳಿಸಿದ ದೊಡ್ಡ ಅಕ್ಷರ. ಮುದುಕನನ್ನು ಕೇಳಿದೆ. ತನ್ನ ಅಪ್ಪನ ಕಾಲದಲ್ಲಿ ಮೇಲಿನ ಬೆಟ್ಟಕ್ಕೆ ಬಡಿದ ವಿಮಾನದ್ದು ಎಂದ. ದೊಡ್ಡಿಯ ಬಾಗಿಲು ಇನ್ನೊಂದರದು. ಕುರಿಗೆ ನೀರಿಡುವ ತೊಟ್ಟಿ ಮತ್ತೊಂದರದು. ಈ ಕಣಿವೆಯಲ್ಲಿ ಗಾಳಿ ಹಾಗೇ, ಕೆಲವು ವರ್ಷಕ್ಕೊಮ್ಮೆ ಒಂದು ಬೀಳುತ್ತದೆ ಎಂದ. ಅವುಗಳಲ್ಲಿದ್ದ ಜನ ಏನಾದರು ಎಂದು ನಾನು ಕೇಳಲಿಲ್ಲ. ಅವನು ನಮ್ಮ ಹೆಲಿಕಾಪ್ಟರಿನ ಕಡೆಗೂ ಒಮ್ಮೆ ನೋಡಿದ. ಆ ನೋಟದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಳೆಗಾಲಕ್ಕೆ ಮೊದಲು ಏನೇನು ರಿಪೇರಿ ಆಗಬೇಕು ಎಂದು ಯೋಚಿಸುವ ಮನುಷ್ಯನ ನೋಟ. ಸಂಜೆ ಡೋಲಿ ಹೊತ್ತ ಜನ ಬರುವವರೆಗೆ ಆ ಬಿಳಿ ಹಾಳೆಯ ಕೆಳಗೆ ಇದ್ದೆವು.

ಹುಬ್ಬಳ್ಳಿಗೆ ಮರಳಿದ ಮೇಲೆ ನಮ್ಮನ್ನು ನೋಡಲು ಬಂದವರೆಲ್ಲ ದೇವರೇ ಉಳಿಸಿದ ಎಂದರು. ಓಣಿಯ ಒಬ್ಬ ಅಜ್ಜಿ ಮೌಶಿಯ ಹಾಸಿಗೆಯ ಪಕ್ಕ ಕುಳಿತು, ನನ್ನ ಕಾಯಿ ದೇವರಿಗೆ ಮುಟ್ಟಿತೇನು ಎಂದು ಮೆಲ್ಲಗೆ ಕೇಳಿದಳು. ಮೌಶಿ ಮುಟ್ಟಿತು ಎಂದಳು. ನಾನು ಎದ್ದು ಹೊರಗೆ ಹೋದೆ.

ಅಲ್ಲಿಂದ ಶುರುವಾಯಿತು. ಬಸ್ಸಿನಲ್ಲಿ ಕುಳಿತವರ ತೂಕ ಅಂದಾಜು ಮಾಡುತ್ತೇನೆ. ಆಸ್ಪತ್ರೆಯ ಲಿಫ್ಟಿನಲ್ಲಿ ಕೊನೆಯವರು ಕಾಲಿಡುವ ಮೊದಲು ನಾನು ಇಳಿದುಬಿಡುತ್ತೇನೆ. ಸ್ಟೋರಿನಲ್ಲಿ ತಕ್ಕಡಿಯ ಅಂಕಿ ನಿಲ್ಲುವ ತನಕ ಉಸಿರು ಬಿಡುವುದಿಲ್ಲ. ಪೇಪರಿನಲ್ಲಿ ಪೈಲಟ್‌ನ ತಪ್ಪಿನಿಂದ ಅಪಘಾತ ಎಂದು ನಾಲ್ಕು ಸಾಲು ಬಂದಿತ್ತು. ಅದನ್ನು ಕತ್ತರಿಸಿ ಇಟ್ಟುಕೊಂಡೆ. ಏಕೆ ಇಟ್ಟುಕೊಂಡೆ ಎಂದು ಗೊತ್ತಿಲ್ಲ.

ಆರು ತಿಂಗಳ ನಂತರ ವಿಚಾರಣೆಯವರಿಂದ ಪತ್ರ ಬಂತು. ಹೊರಡುವ ಮೊದಲು ಮುಂದೆ ಕುಳಿತ ಪ್ರಯಾಣಿಕರನ್ನು ತೂಕದ ಬಗ್ಗೆ ಕೇಳಿದ್ದೆ, ಸರಿ ಇದೆ ಎಂದರು ಎಂದು ಪೈಲಟ್ ಹೇಳಿದ್ದಾರೆ. ಅವರು ಕೇಳಿದ್ದು ನಿಜವೇ, ಫಾರಂ ತುಂಬಿದವರು ಯಾರು, ಲಿಖಿತವಾಗಿ ತಿಳಿಸಿ ಎಂದಿತ್ತು. ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಅಧಿಕಾರಿ ಸಮಾಧಾನದಿಂದ ಮಾತಾಡಿದರು. ತೂಕ ವಿಚಾರಿಸದೆ ಹೊರಟಿದ್ದೆಂದಾದರೆ ಬೆನ್ನು ವಾಸಿಯಾದರೂ ಪೈಲಟ್ ಮತ್ತೆ ಹಾರಿಸುವಂತಿಲ್ಲ, ಅವರ ಮಾತಿಗೆ ನಿಮ್ಮನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ ಎಂದರು.

ಕಾಕಾ ಪತ್ರವನ್ನು ಎರಡು ಸಲ ಓದಿಸಿಕೊಂಡರು.

"ನೆನಪಿಲ್ಲ ಅಂತ ಬರಿ," ಎಂದರು. "ತಲಿಗೆ ಪೆಟ್ಟ ಬಿದ್ದಿತ್ತು ಅಂತ ಬರಿ. ಅದರಾಗ ಸುಳ್ಳೇನೈತಿ? ಬಿದ್ದಿತ್ತಲ್ಲ."

ಹಾಗೆಯೇ ಬರೆದೆ. ಚೆಂದದ ಇಂಗ್ಲಿಷಿನಲ್ಲಿ, ಅರ್ಧ ಪುಟ. ಮೂರು ದಿನ ಅದು ನನ್ನ ಬ್ಯಾಗಿನಲ್ಲಿ ಕಾರ್ಖಾನೆಗೆ ಹೋಗಿ ಬಂತು. ನಾಲ್ಕನೆಯ ದಿನ ಗಬ್ಬೂರಿಗೆ ಹೋಗಿ ಅದರಲ್ಲಿದ್ದದ್ದನ್ನು ಮೌಶಿಗೆ ಕನ್ನಡದಲ್ಲಿ ಹೇಳಿದೆ. ಪೈಲಟ್ ಕೇಳಿದ ಪ್ರಶ್ನೆಯನ್ನೂ ನಾನು ಕೊಟ್ಟ ಉತ್ತರವನ್ನೂ ಆಕೆಗೆ ಹೇಳಿದ್ದು ಅದೇ ಮೊದಲು. ಆಕೆ ಹಾಸಿಗೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಕೈಯಲ್ಲಿ ವಾಕರ್ ಹಿಡಿದಿದ್ದಳು, ಎದ್ದು ನಿಲ್ಲುವವಳಂತೆ, ಆದರೆ ಏಳಲಿಲ್ಲ.

"ಖರೇನ ನೆನಪಿಲ್ಲೇನ್ ನಿನಗ?"

"ನೆನಪೈತಿ ಮೌಶಿ."

"ಆ ಮನಷ್ಯಾ ಬೆನ್ನ ಮುರಕೊಂಡ ಬಿದ್ದಾಗ ಮೊದಲ ಏನ್ ಕೇಳಿದ ಹೇಳು."

ನನಗೆ ಗೊತ್ತಿತ್ತು. ಹುಲ್ಲಿನ ಮೇಲೆ ಬಿದ್ದಲ್ಲಿಂದಲೇ ಅವರು ಹಿಂದೆ ಕುಳಿತಿದ್ದ ಮಾತಾಜಿ ಹೇಗಿದ್ದಾರೆ ಎಂದು ಕೇಳಿದ್ದರು. ಎರಡು ಸಲ ಕೇಳಿದ್ದರು.

ಮೌಶಿ ವಾಕರನ್ನು ಗೋಡೆಗೆ ಒರಗಿಸಿದಳು. ಆಮೇಲೆ ನನ್ನನ್ನು ನೋಡದೆ ಹೇಳಿದಳು: "ಯಾತ್ರಾಕ್ಕ ಹೋಗೂ ಮುಂದ ಡಾಕ್ಟರ್ ಕಡೆ ತೂಕಾ ನೋಡಿಸಿದ್ನಿ. ಎಪ್ಪತ್ತೆಂಟ ಇತ್ತು. ನಿನಗ ಅರವತ್ತ ಅಂತ ಹೇಳಿದ್ನಿ. ಐದ ಮಂದ್ಯಾಗ ಒಬ್ಬರನ್ನ ಬಿಡಬೇಕಂದ್ರ ನನ್ನ ಬಿಡತಿದ್ರಿ. ನಾನ ದಪ್ಪಾಕಿ."

ಹಾಗೇನಿಲ್ಲ ಎಂದೆ. ಆಕೆ ಒಪ್ಪಲಿಲ್ಲ.

"ಅದನ್ನೂ ಬರಿ," ಎಂದಳು. "ನನ್ನ ಹೆಸರ ಮುಂದ ಬರಿ."

ಕಾಕಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಒಳಗೆ ಬಂದು ಕುರ್ಚಿಯ ಮೇಲೆ ಕುಳಿತು, ತಮ್ಮ ಕೋಟಿನ ಕಿಸೆಗಳಲ್ಲಿ ಆರು ಕಾಯಿ ಇದ್ದವು ಎಂದರು. ವಿಮೆಯ ತೂಕ ಬಿಡು, ಈಗಿನದು ಅದಕ್ಕಿಂತ ಒಂಬತ್ತು ಹೆಚ್ಚು ಎಂದರು. ಸುಳ್ಳಕ್ಕೆ ಫೋನ್ ಹಚ್ಚಿದೆವು. ನೆಗೆಣ್ಣಿಯರು ಮೊದಲು ನಕ್ಕರು. ಪತ್ರದಲ್ಲಿ ಏನಿದೆ ಎಂದು ಹೇಳಿದ ಮೇಲೆ ನಗು ನಿಂತಿತು. ಮರುದಿನ ಇಬ್ಬರೂ ಕಾಳು ಕೊಳ್ಳುವ ಅಂಗಡಿಯ ತಕ್ಕಡಿಯ ಮೇಲೆ ಹತ್ತಿ ತೂಕ ಕಳಿಸಿದರು. ಪ್ರತಿಯೊಬ್ಬರ ಉಡಿಯಲ್ಲಿ ಎಷ್ಟು ಕಾಯಿ ಇದ್ದವು ಎಂಬುದನ್ನೂ ನೆನಪು ಮಾಡಿಕೊಂಡು ಹೇಳಿದರು. ನಾನು ಕಂಡದ್ದಕ್ಕಿಂತ ಬಹಳ ಇದ್ದವು.

ಹಳೆಯ ಕಾಗದ ಹರಿದು ಹೊಸದು ಬರೆದೆ. ಪೈಲಟ್ ಕೇಳಿದರು ಎಂದು ಮೊದಲ ಸಾಲು. ನಾನು ಸರಿ ಇದೆ ಎಂದೆ, ಅದು ಸುಳ್ಳೆಂದು ಗೊತ್ತಿದ್ದೇ ಎಂದೆ ಎಂದು ಎರಡನೆಯ ಸಾಲು. ಕೆಳಗೆ ಫಾರಮಿನಲ್ಲಿ ಬರೆದದ್ದು ಒಂದು ಕಡೆ, ನಿಜವಾದದ್ದು ಇನ್ನೊಂದು ಕಡೆ. ಐವರೂ ಸಹಿ ಹಾಕಿದೆವು. ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ತಲುಪಿದೆ ಎಂದು ಒಂದು ಸಾಲಿನ ಉತ್ತರ ಬಂದಿದೆ. ಪೈಲಟ್‌ನ ವಿಷಯ ಏನಾಯಿತೆಂದು ಯಾರೂ ತಿಳಿಸಿಲ್ಲ.

ಕಳಿಸುವ ಮೊದಲು ಎರಡೂ ಕಡೆಯದನ್ನು ಕೂಡಿಸಿ ಕಳೆದು ನೋಡಿದ್ದೆ. ಉಳಿದದ್ದು ಒಬ್ಬ ಪೂರ್ತಿ ಆಳಿನ ತೂಕ. ಅಂದರೆ ಐದು ಹೆಸರು ಬರೆದು ನಾನು ಆರು ಜನರನ್ನು ಹತ್ತಿಸಿದ್ದೆ. ಆ ಆರನೆಯವನು ಎಲ್ಲಿ ಕುಳಿತಿದ್ದ ಎಂದು ಈಗ ಹುಡುಕುತ್ತಿರುತ್ತೇನೆ. ಹಿಂದಿನ ಸೀಟಿನಲ್ಲಿ ನಾಲ್ವರು, ಮುಂದೆ ನಾನು, ಪೈಲಟ್. ಎಷ್ಟು ಸಲ ಎಣಿಸಿದರೂ ಅವನಿಗೆ ಜಾಗವಿಲ್ಲ.