ಓದದ ಸೋಲು ಸೋಲಲ್ಲ

ಎದೆಲ್ಮೀರಾಳಿಗೆ ಸಿಗಾರು ಸುತ್ತಲು ಬರುತ್ತಿರಲಿಲ್ಲ. ಕ್ಯೂಬಾದ ಪಡುವಣ ತುದಿಯ ಸಾನ್ ಇಲಾರಿಯೊ ಊರಿನ ಸಿಗಾರು ಕಾರ್ಖಾನೆಗೆ ಹುಡುಗಿಯಾಗಿದ್ದಾಗ ಸೇರಿದ್ದಳು. ಅವಳು ಸುತ್ತಿದ ಸಿಗಾರುಗಳು ಇಲಿ ನುಂಗಿದ ಹಾವಿನಂತೆ ನಡುವೆ ಉಬ್ಬಿಕೊಂಡಿರುತ್ತಿದ್ದವು. ಆದರೆ ಗಂಟಲು ಮಾತ್ರ ಗಂಟೆಯಂತಿತ್ತು. ಕೆಲಸದ ಹೊತ್ತಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುತ್ತಿದ್ದ ಹಳೆಯ ಓದುಗ ತೀರಿಕೊಂಡಾಗ ಸುತ್ತುವವರೆಲ್ಲ ಕೈಯೆತ್ತಿ ಅವಳನ್ನೇ ಆರಿಸಿ, ಕಟ್ಟೆಯ ಮೇಲಿನ ಕುರ್ಚಿಯಲ್ಲಿ ಕೂರಿಸಿದರು. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ. ಅವರ ಕೈ ತಂಬಾಕಿನ ಎಲೆಯ ಮೇಲಿದ್ದರೆ ಕಿವಿ ಅವಳ ಮೇಲೆ. ಓದು ಹಿಡಿಸಿದರೆ ಎಲೆ ಕತ್ತರಿಸುವ ಚಪ್ಪಟೆ ಕತ್ತಿಯಿಂದ ಹಲಗೆ ಬಡಿಯುತ್ತಿದ್ದರು. ಹಿಡಿಸದಿದ್ದರೆ ಕತ್ತಿಯನ್ನು ನೆಲಕ್ಕೆ ಬಿಡುತ್ತಿದ್ದರು.

ಓದುವವಳನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ವರ್ಷಕ್ಕೊಮ್ಮೆ ಕೈಯೆತ್ತಿಸುವ ಪದ್ಧತಿ ಅಲ್ಲಿತ್ತು. ಕುರ್ಚಿ ಹೋದರೆ ಹಿಂದಿನ ಕೋಣೆಯಲ್ಲಿ ಕೂತು ಎಲೆಯ ನಡುನರ ಕೀಳಬೇಕು. ಅಲ್ಲಿ ಧೂಳಿಗೆ ಹೆದರಿ ಯಾರೂ ಬಾಯಿ ಬಿಡುವುದಿಲ್ಲ. ಇಡೀ ದಿನ ಬಾಯಿ ಮುಚ್ಚಿಕೊಂಡಿರುವುದನ್ನು ನೆನೆದರೇ ಎದೆಲ್ಮೀರಾಳಿಗೆ ಉಸಿರು ಕಟ್ಟುತ್ತಿತ್ತು.

ಇಷ್ಟು ವರ್ಷ ಅವಳಿಗೆ ಅಂಥ ಭಯ ಬಂದಿರಲಿಲ್ಲ. ಈ ವರ್ಷ ಭಯ ತಂದವರು ಕೊಕ್ಕರೆಗಳು.

ಕೊಕ್ಕರೆಗಳು ಎಂದರೆ ಊರಿನ ಬೇಸ್‌ಬಾಲ್ ತಂಡ. ಪಂದ್ಯಾವಳಿ ಶುರುವಾದಾಗಿನಿಂದ ಅದು ಒಂದೂ ಪಂದ್ಯ ಗೆದ್ದಿರಲಿಲ್ಲ. ರಾತ್ರಿ ಎಲ್ಲರೂ ಮನೆಯಲ್ಲಿ ರೇಡಿಯೊ ಕೇಳಿ ಸೋಲನ್ನು ತಿಳಿದುಕೊಂಡೇ ಬರುತ್ತಿದ್ದರು. ಆದರೂ ಬೆಳಿಗ್ಗೆ ಎದೆಲ್ಮೀರಾ ಪತ್ರಿಕೆಯಿಂದ ಓದುವ ತನಕ ಯಾರೂ ಆ ಬಗ್ಗೆ ತುಟಿ ಬಿಚ್ಚುತ್ತಿರಲಿಲ್ಲ. ಓದಿ ಮುಗಿಸಿದ ಕೂಡಲೇ ಕಾರ್ಖಾನೆ ಎರಡು ಹೋಳಾಗುತ್ತಿತ್ತು.

ಕಿಟಕಿ ಪಕ್ಕದ ಸಾಲಿನ ಮುಖಂಡ ಮುದುಕ ಬಾಲ್ದೊಮೇರೊ. ತಪ್ಪೆಲ್ಲ ಚೆಂಡು ಎಸೆಯುವ ಪಿಚರುಗಳದ್ದು ಎಂಬುದು ಅವನ ವಾದ. ಗೋಡೆ ಪಕ್ಕದ ಸಾಲಿನ ಮುಖಂಡಳು ದಪ್ಪ ಕನ್ನಡಕದ ತೊಮಾಸಾ. ತಪ್ಪೆಲ್ಲ ಬ್ಯಾಟು ಹಿಡಿದವರದ್ದು ಎಂಬುದು ಅವಳ ವಾದ.

"ನಮ್ಮ ಪಿಚರ್ ಎಸೆದ ಚೆಂಡನ್ನ ನಮ್ಮಜ್ಜಿ ಊರುಗೋಲಲ್ಲೇ ಹೊಡೀತಿದ್ಲು ಕಣೇ!" ಎನ್ನುತ್ತಿದ್ದ ಬಾಲ್ದೊಮೇರೊ.

"ಹಂಗಾದ್ರೆ ನಿಮ್ಮಜ್ಜೀನ ಬ್ಯಾಟಿಂಗಿಗೆ ಕಳಿಸು ಮುದುಕಪ್ಪ! ನಮ್ಮೋರಿಗೆ ಅಷ್ಟೂ ಬರಲ್ಲ," ಎನ್ನುತ್ತಿದ್ದಳು ತೊಮಾಸಾ.

ವಾದ ಸಿಗಾರಿಗೂ ಇಳಿಯಿತು. ಪಿಚರುಗಳ ಮೇಲಿನ ಸಿಟ್ಟಿಗೆ ಕಿಟಕಿ ಸಾಲಿನವರು ಎಷ್ಟು ಬಿಗಿಯಾಗಿ ಸುತ್ತಿದರೆಂದರೆ, ಅವರ ಸಿಗಾರುಗಳಲ್ಲಿ ಹೊಗೆ ಹಾಯಲು ದಾರಿಯೇ ಉಳಿಯಲಿಲ್ಲ. ಗೋಡೆ ಸಾಲಿನವರು ನಿರಾಶೆಯಿಂದ ಸುತ್ತಿದ ಸಿಗಾರುಗಳು ಪೆಟ್ಟಿಗೆಯಲ್ಲಿಯೇ ಬಿಚ್ಚಿಕೊಂಡವು. ಮೇಸ್ತ್ರಿ ಲಿಸಾರ್ದೊ ತಲೆ ಮೇಲೆ ಕೈ ಹೊತ್ತು ಓಡಾಡಿದ.

ಈ ನಡುವೆ ಒಂದು ದಿನ ಎದೆಲ್ಮೀರಾ ಹಲ್ಲು ನೋವೆಂದು ರಜೆ ಹಾಕಿದಳು. ಅವಳು ಅಂದು ಓದಬೇಕಿದ್ದ ಪಂದ್ಯ ಮಳೆ ಬಂದು ನಿಂತುಹೋಗಿತ್ತು. ಮರುದಿನ ಅವಳು ಕುರ್ಚಿ ಹತ್ತುವಷ್ಟರಲ್ಲಿ ಎರಡೂ ಸಾಲಿನವರು ಅವಳನ್ನೇ ದಿಟ್ಟಿಸುತ್ತಿದ್ದರು.

"ಮಗಳೇ, ಬೇಜಾರು ಮಾಡ್ಕೋಬೇಡ," ಎಂದ ಬಾಲ್ದೊಮೇರೊ. "ನೀನು ಓದಿದ ದಿನ ಎಲ್ಲಾ ಸೋತಿದೀವಿ. ಓದದೇ ಇದ್ದ ದಿನ ಸೋತಿಲ್ಲ."

"ಅವತ್ತು ಮಳೆ ಬಂತಲ್ಲ ಬಾಲ್ದೊಮೇರೊ!"

"ಮಳೆ ಯಾಕೆ ಬಂತು? ನೀನು ಓದಲ್ಲ ಅಂತ ಬಂತು."

ಎದೆಲ್ಮೀರಾ ಆಸೆಯಿಂದ ತೊಮಾಸಾಳ ಕಡೆ ನೋಡಿದಳು. ತೊಮಾಸಾ ಕನ್ನಡಕ ಒರೆಸಿಕೊಳ್ಳುತ್ತ, "ಈ ಮುದುಕ ಹುಟ್ಟಿದಾಗಿಂದ ಆಡಿರೋ ಸರಿಯಾದ ಮಾತು ಇದೊಂದೇ," ಎಂದುಬಿಟ್ಟಳು. "ನೀನು ಸೋಲನ್ನ ತುಂಬಾ ಚಂದ ಓದ್ತೀಯ ಕಣಮ್ಮ. ಅದಕ್ಕೇ ಅದು ದಿನಾ ಬರುತ್ತೆ."

ಪಂದ್ಯಾವಳಿ ಶುರುವಾದ ಮೇಲೆ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದೇ. ಗೆಲ್ಲುವ ತನಕ ಆಟದ ಪುಟ ಓದಬಾರದು, ಓದದ ಸೋಲನ್ನು ಈ ಕಾರ್ಖಾನೆಯಲ್ಲಿ ಸೋಲೆಂದು ಲೆಕ್ಕಕ್ಕಿಡಬಾರದು ಎಂದು ಎಲ್ಲರೂ ಕೈಯೆತ್ತಿ ತೀರ್ಮಾನಿಸಿದರು. ಈ ಸಲದ ಆಯ್ಕೆಯಲ್ಲಿ ಅವಳ ಬದಲು ರೇಡಿಯೊ ಕೇಳಿಸುವ ಒಂದು ಧ್ವನಿವರ್ಧಕದ ಪೆಟ್ಟಿಗೆ ತರಿಸುವ ಮಾತೂ ಇದೆ ಎಂದು ಲಿಸಾರ್ದೊ ಪಿಸುಮಾತಿನಲ್ಲಿ ತಿಳಿಸಿದ. ಎದೆಲ್ಮೀರಾ ಆಟದ ಪುಟಗಳನ್ನು ಮಡಿಸಿ ಕುರ್ಚಿಯ ಕೆಳಗೆ ಒಟ್ಟುತ್ತ ಬಂದಳು.

ಕೊಕ್ಕರೆಗಳು ಸೋಲುತ್ತಲೇ ಇದ್ದವು. ಆದರೆ ಸೋತಿರಲಿಲ್ಲ. ಹೀಗಾಗಿ ಜಗಳಕ್ಕೆ ಹೊಸ ಭಾಷೆ ಬೇಕಾಯಿತು.

"ಒಂದು ಮಾತಿಗೆ ಹೇಳ್ತೀನಿ ತೊಮಾಸಾ. ಎಲ್ಲೋ ಒಬ್ಬ ಪಿಚರ್ ಇದ್ದ ಅಂತ ಇಟ್ಕೊ. ಎಂಟನೇ ಇನಿಂಗ್ಸಲ್ಲಿ ಅವನು ಬರೀ ಕೆಟ್ಟ ಚೆಂಡು ಎಸೆದು, ಮೂರು ಜನರನ್ನ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ಕಳಿಸ್ದ ಅಂತ ಇಟ್ಕೊ."

"ಇಟ್ಕೊಂಡೆ. ಅದಕ್ಕೂ ಮುಂಚೆ ಏಳು ಇನಿಂಗ್ಸು ಒಂಬತ್ತು ಗಂಡಸರು ಬ್ಯಾಟ್ ಹಿಡ್ಕೊಂಡು ನೊಣ ಓಡಿಸ್ತಿದ್ರು ಅಂತ ನೀನೂ ಇಟ್ಕೊ."

ಈ ಮಾತುಗಳು ನಡೆಯುವಾಗ ಎದೆಲ್ಮೀರಾ ಹವಾಮಾನ ವರದಿ ಓದುತ್ತಿದ್ದಳು. ಯಾರೂ ಕೇಳುತ್ತಿರಲಿಲ್ಲ.

ಕೊನೆಗೂ ಒಂದು ಬೆಳಿಗ್ಗೆ ಎಲ್ಲರೂ ಗಂಟೆಗೆ ಮುಂಚೆಯೇ ಬಂದು ಕೂತಿದ್ದರು. ಯಾರೊಬ್ಬರೂ ಎಲೆ ಮುಟ್ಟಿರಲಿಲ್ಲ. ಹಿಂದಿನ ರಾತ್ರಿ ಕೊಕ್ಕರೆಗಳು ಗೆದ್ದಿದ್ದವು. ಎದೆಲ್ಮೀರಾ ಕುರ್ಚಿ ಹತ್ತಿ, ಗಂಟಲು ಸರಿಮಾಡಿಕೊಂಡು ಓದಿದಳು:

"ಸಾಲು ಸೋಲುಗಳ ನಂತರ ಕೊಕ್ಕರೆಗಳಿಗೆ ಮೊದಲ ಗೆಲುವು."

ಹಿಂದಿನಿಂದ ಯಾರೋ ಕೂಗಿದರು: "ಯಾವ ಸೋಲುಗಳು? ಆ ಮಳೆ ದಿನದಿಂದ ಈ ಕಾರ್ಖಾನೆಲಿ ಯಾವ ಸೋಲೂ ಓದಿಲ್ಲವಲ್ಲ!"

ಸಾಲುಗಳಲ್ಲಿ ಗುಜುಗುಜು ಎದ್ದಿತು. ಬಾಲ್ದೊಮೇರೊ ಗಡ್ಡ ಕೆರೆದುಕೊಂಡ. "ಆ ಮೊದಲ ಮೂರು ಪದ ಬಿಟ್ಟು ಓದು ಮಗಳೇ."

ಎದೆಲ್ಮೀರಾ ತಲೆಬರಹದ ಮೇಲೆ ಬೆರಳಿಟ್ಟಳು. ಆಯ್ಕೆಗೆ ಉಳಿದಿದ್ದದ್ದು ಒಂದೇ ದಿನ. ಮೂರು ಪದ ಬಿಟ್ಟರೆ ಕುರ್ಚಿ ಉಳಿಯುತ್ತಿತ್ತು. ಆದರೆ ಅಚ್ಚಾದ ಮಾತನ್ನು ಅವಳು ಎಂದೂ ಬಿಟ್ಟವಳಲ್ಲ. ಕಾದಂಬರಿಯಲ್ಲಿ ಒಂದು ಪುಟ ಹಾರಿಸಿದ್ದರೆ ಇದೇ ಜನ ಅವಳನ್ನು ಹುರಿದು ತಿನ್ನುತ್ತಿದ್ದರು.

"ಬಿಡೋಕಾಗಲ್ಲ," ಎಂದಳು. ಅವಳ ಧ್ವನಿ ಅವಳಿಗೇ ಸಣ್ಣದಾಗಿ ಕೇಳಿಸಿತು. "ಗೆಲುವು ಬೇಕಾದ್ರೆ ಸೋಲಿನಿಂದ ಶುರು ಮಾಡ್ಬೇಕು. ಹಡಗು ಮುಳುಗೋ ಅಧ್ಯಾಯ ಓದದೆ ನಾಯಕನ್ನ ದಡ ಸೇರಿಸೋಕಾಗುತ್ತಾ?"

ಕುರ್ಚಿಯ ಕೆಳಗಿನ ಪುಟಗಳನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲಕ್ಕಿಂತ ಹಳೆಯದನ್ನು ಬಿಡಿಸಿದಳು. ಕತ್ತಿಗಳು ಒಂದರ ಹಿಂದೊಂದು ನೆಲಕ್ಕೆ ಬಿದ್ದವು. ಆ ಸದ್ದು ಅಡಗುವ ತನಕ ಕಾದು, ಓದತೊಡಗಿದಳು.

ಮೊದಲ ಸೋಲಿಗೆ ಎಲ್ಲರೂ ಮುಖ ತಿರುಗಿಸಿ ಕೂತರು. ಎರಡನೆಯದಕ್ಕೆ ತೊಮಾಸಾಳಿಗೆ ತಡೆಯಲಾಗಲಿಲ್ಲ. "ನೋಡ್ದ್ಯಾ! ಇಡೀ ಆಟಕ್ಕೆ ಎರಡೇ ಹೊಡೆತ! ನಾನು ಅವತ್ತೇ ಬಾಯಿ ಬಿಟ್ಟು ಹೇಳಬೇಕಿತ್ತು!"

"ಎಂಟನೇ ಇನಿಂಗ್ಸ್ ಬರಲಿ ತಾಳು!" ಎಂದು ಬಾಲ್ದೊಮೇರೊ ಎದ್ದು ನಿಂತ. "ಆ ಮೂರು ಪುಕ್ಕಟೆ ಬೇಸ್ ಬರಲಿ!"

ಇಷ್ಟು ದಿನ 'ಇಟ್ಕೊ' ಎಂದು ಇಟ್ಟುಕೊಂಡಿದ್ದ ಸಿಟ್ಟೆಲ್ಲ ಈಗ ಹೆಸರು ಹಿಡಿದು ಹೊರಬಂತು. ಒಂದೊಂದು ಸೋಲಿಗೂ ನ್ಯಾಯ ಪಂಚಾಯ್ತಿ ನಡೆಯಿತು. ಮಧ್ಯಾಹ್ನದ ಕಾದಂಬರಿಯನ್ನು ಯಾರೂ ಕೇಳಲಿಲ್ಲ. ಗೆಲುವಿನ ಪುಟ ಕೈಗೆ ಬರುವಷ್ಟರಲ್ಲಿ ಮನೆಗೆ ಹೋಗುವ ಗಂಟೆ ಬಾರಿಸಿತು. ಯಾರೂ ಏಳಲಿಲ್ಲ. ಲಿಸಾರ್ದೊ ದೀಪ ಆರಿಸಿದ. ಆಗಲೂ ಏಳಲಿಲ್ಲ. ಎದೆಲ್ಮೀರಾ ಕಿಟಕಿಯ ಬೆಳಕಿಗೆ ಪುಟ ಹಿಡಿದು ಓದಿದಳು.

ಕೊನೆಯ ಇನಿಂಗ್ಸಿನಲ್ಲಿ ಕೊಕ್ಕರೆಗಳು ಒಂದು ಓಟ ಹಿಂದಿದ್ದವು. ಇಬ್ಬರು ಔಟಾಗಿದ್ದರು, ಒಬ್ಬ ಎರಡನೇ ಬೇಸಿನಲ್ಲಿದ್ದ. ಕೊನೆಯ ಬ್ಯಾಟುಗಾರ ಮೂರನೇ ಸಲವೂ ಗಾಳಿಗೆ ಬೀಸಿದ. ಹಿಂದೆ ಕೂತಿದ್ದ ಎದುರಾಳಿ ಚೆಂಡು ಹಿಡಿದಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಚೆಂಡು ಆ ಹಿಡಿಯುವವನ ಕೈಯಿಂದ ಜಾರಿತು, ಬ್ಯಾಟುಗಾರ ಓಡಿದ. ಹಿಡಿಯುವವನು ಗಾಬರಿಯಿಂದ ಅದನ್ನು ಮೊದಲ ಬೇಸಿನವನ ತಲೆಯ ಮೇಲಿಂದ ಆಚೆಗೆ ಎಸೆದ. ಅದು ಮೈದಾನದ ಬಲಮೂಲೆಗೆ ಉರುಳಿತು. ಅಲ್ಲಿದ್ದವನು ಆಟ ಮುಗಿಯಿತೆಂದು ಟೋಪಿ ತೆಗೆದು, ಪ್ರೇಕ್ಷಕರಿಗೆ ಕೈ ಬೀಸುತ್ತ ಹೊರಟಿದ್ದ. ಕೊಕ್ಕರೆಗಳಿಬ್ಬರೂ ಓಡಿಬಂದು ಹೋಮ್ ಬೇಸ್ ಮುಟ್ಟಿ ಎರಡು ಓಟ ಗಳಿಸಿದರು.

ಎದೆಲ್ಮೀರಾ ಪುಟ ಕೆಳಗಿಟ್ಟಳು.

"ಅಂದ್ರೆ..." ಎಂದಳು ತೊಮಾಸಾ, "ಹೊಡೆಯೋಕಾಗದೆ ಗೆದ್ರು."

"ಎಸೆದೂ ಗೆಲ್ಲಲಿಲ್ಲ," ಎಂದ ಬಾಲ್ದೊಮೇರೊ.

"ಇನ್ನೊಂದ್ಸಲ ಓದು ಕಣಮ್ಮ."

ಅವಳು ಓದಿದಳು. ಮತ್ತೆ ಓದು ಎಂದರು. ಕಿಟಕಿಯ ಬೆಳಕು ಆರುವ ತನಕ ಓದಿಸಿದರು.

ಮರುದಿನ ಆಯ್ಕೆ. ಹಿಂದಿನ ರಾತ್ರಿ ಕೊಕ್ಕರೆಗಳು ಮತ್ತೆ ಸೋತಿದ್ದವು. ಎದೆಲ್ಮೀರಾ ತನ್ನ ದಿಂಬು, ನೀರಿನ ಲೋಟ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಕಟ್ಟೆಯ ಪಕ್ಕದಲ್ಲಿ ನಿಂತಿದ್ದಳು. ಧ್ವನಿವರ್ಧಕಕ್ಕೆ ಗಂಟಲು ಕೆಡುವುದಿಲ್ಲ, ಹಲ್ಲು ನೋಯುವುದಿಲ್ಲ ಎಂದು ಲಿಸಾರ್ದೊ ವಿವರಿಸಿದ.

"ಇನ್ನೊಂದ್ಸಲ ಓದು ಅಂದ್ರೆ ಓದುತ್ತಾ ಅದು?" ಎಂದು ತೊಮಾಸಾ ಕೇಳಿದಳು.

"ಇಲ್ಲ..."

"ಸೋತಾಗ ಬೈಯೋಕೆ ಎದುರಿಗೊಂದು ಮುಖ ಬೇಡ್ವೇನಯ್ಯಾ?" ಎಂದ ಬಾಲ್ದೊಮೇರೊ. "ಪೆಟ್ಟಿಗೇನ ಬೈದ್ರೆ ನೋಡಿದೋರು ನಮಗೆ ಹುಚ್ಚು ಅಂತಾರೆ."

ತಮಗೆ ಹುಚ್ಚಿಲ್ಲ ಎಂಬುದಕ್ಕೆ ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಬಾಲ್ದೊಮೇರೊನ ಜೊತೆಗೆ ಕೈಯೆತ್ತುವುದು ತನ್ನ ಮರ್ಯಾದೆಗೆ ಕುಂದು ಎಂದು ತೊಮಾಸಾ ಹಟ ಹಿಡಿದದ್ದರಿಂದ ಗೋಡೆ ಸಾಲು ಮೊದಲು ಕೈಯೆತ್ತಿತು, ಕಿಟಕಿ ಸಾಲು ಆಮೇಲೆ. ಇಳಿದೇ ಇದ್ದದ್ದು ಲಿಸಾರ್ದೊನ ಕೈಯೊಂದೇ.

ಎದೆಲ್ಮೀರಾ ಚೀಲದಿಂದ ದಿಂಬು ತೆಗೆದು ಕುರ್ಚಿಗೆ ಹಾಕಿ ಕೂತಳು. ಕಣ್ಣೊರೆಸಿಕೊಂಡು ಪತ್ರಿಕೆ ಬಿಡಿಸಿದಳು. ಎಲ್ಲರ ಕೈಯೂ ಎಲೆಗೆ ಹೋಯಿತು.

"ನಿಧಾನಕ್ಕೆ ಓದು ಮಗಳೇ," ಎಂದ ಬಾಲ್ದೊಮೇರೊ. "ಎಂಟನೇ ಇನಿಂಗ್ಸ್ ಬರೋ ತನಕ ನಾವಿನ್ನೂ ಸೋತಿಲ್ಲ."